ಕಾಫಿ ಕಣದ ಹಾಕಿ ಮೇಡಂ

ಸಿಲ್ವರ್ ಓಕ್ ಮರಗಳ ತುದಿ ಈಗಷ್ಟೇ ಬಿಳುಪಾಗುತ್ತಿದೆ. ಸಿದ್ದಾಪುರ ಪೇಟೆಯಿಂದ ಸ್ವಲ್ಪ ಆಚೆಗಿನ ಎಸ್ಟೇಟಿನ ಕಾಫಿ ಕಣದಲ್ಲಿ, ಟ್ರ್ಯಾಕ್ ಪ್ಯಾಂಟ್ ತೊಟ್ಟು ತಲೆಗೆ ಮಫ್ಲರ್ ಸುತ್ತಿಕೊಂಡ ಹೆಂಗಸೊಬ್ಬರು ಕಡ್ಡಿ ಪೊರಕೆ ಹಿಡಿದು ಸಿಮೆಂಟು ನೆಲ ಗುಡಿಸುತ್ತಿದ್ದಾರೆ. ಸುತ್ತ ಟಾರ್ಪಾಲು ಹೊದ್ದ ಕಾಫಿ ರಾಶಿಗಳು. ನೆಲದಲ್ಲಿ ಅಲ್ಲೊಂದು ಇಲ್ಲೊಂದು ಉಳಿದ ಹಣ್ಣನ್ನು ಅವರು ಗುಡಿಸಿ ರಾಶಿಯ ಬುಡಕ್ಕೆ ಸೇರಿಸುತ್ತಾರೆ. ಒಂದೇ ಒಂದು ಹಣ್ಣು ಉಳಿದರೂ ಹಾಕಿ ಚೆಂಡು ಅದಕ್ಕೆ ತಾಗಿ ಎಗರಿ ಯಾರದೋ ಮೊಣಕಾಲಿಗೆ ಬಡಿಯುತ್ತದೆ. ದೂರದಿಂದ ನೋಡಿದವರು ಎಸ್ಟೇಟಿನ ಕೆಲಸದವರೆಂದೇ ತಿಳಿದಾರು. ಇವರು ಆಶಾರಾಣಿ, ಇಲ್ಲಿನ ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಕಲಿಸುವ ಅತಿಥಿ ಉಪನ್ಯಾಸಕಿ. ಸರಿಯಾಗಿ ಹೇಳಬೇಕೆಂದರೆ, ಹೋದ ವಾರದವರೆಗೆ ಆಗಿದ್ದರು.

ತೋಟದ ಕೆಲಸಗಾರರ ಲೈನ್ ಮನೆಗಳ ಕಡೆಯಿಂದ ಕಾಲೇಜು ತಂಡದ ಹುಡುಗಿಯರು ಒಬ್ಬೊಬ್ಬರಾಗಿ ಬರುತ್ತಾರೆ. ಆನೆ ತೋಟ ದಾಟಿ ಕಾಡು ಸೇರಿದ ಸುದ್ದಿ ಬಂದ ಮೇಲೆಯೇ ಅವರು ಮನೆ ಬಿಡುವುದು. ಹಾಗಾಗಿ ಇಲ್ಲಿ ಅಭ್ಯಾಸಕ್ಕೆ ಗಂಟೆ ಎಂಬುದಿಲ್ಲ. ಸೀಟಿಯೂ ಇಲ್ಲ. ಹಿಂದೆ ಉಳಿದ ಒಂಟಿ ಆನೆ ಬೆದರೀತೆಂದು ಎಸ್ಟೇಟಿನ ಲೆಕ್ಕ, ಆಳು ನೋಡಿಕೊಳ್ಳುವ ರೈಟರ್ ಸಾಂತಪ್ಪ ಮೊದಲ ದಿನವೇ ಅದನ್ನು ನಿಲ್ಲಿಸಿದ್ದಾರೆ. ಆಶಾರಾಣಿ ಹಾಕಿ ಸ್ಟಿಕ್ ಮೇಲೆತ್ತಿದರೆ ಆಟ ಶುರು, ಅಡ್ಡ ಹಿಡಿದರೆ ನಿಲ್ಲಬೇಕು.

ಕಾಫಿ ಕಣದಲ್ಲಿ ಹಾಕಿಯೇ ಎಂದು ಹುಬ್ಬೇರಿಸುವವರು ಒಮ್ಮೆ ಕಾಲೇಜಿನ ಮೈದಾನ ನೋಡಿ ಬರಬೇಕು. ಗುಡ್ಡದ ಓರೆಯಲ್ಲಿ ಮಣ್ಣು ಕಡಿದು ಮಾಡಿದ ಜಾಗ ಅದು. ಮೇಲಿನ ಗೋಲಿನಿಂದ ಬಿಟ್ಟ ಚೆಂಡು ಯಾರೂ ಮುಟ್ಟದೆ ಕೆಳಗಿನ ಗೋಲು ಸೇರುತ್ತದೆ. ಟಾಸ್ ಗೆದ್ದವರೇ ಅಲ್ಲಿ ಮ್ಯಾಚ್ ಗೆದ್ದಂತೆ ಎಂದು ಹುಡುಗಿಯರು ತಮಾಷೆ ಮಾಡುತ್ತಾರೆ. ಒಂದು ದಿನ ಬಸ್ಸಿನ ಕಿಟಕಿಯಿಂದ ಆಶಾರಾಣಿ ಈ ಕಣ ಕಂಡರು. ಆಳೊಬ್ಬ ಒಣಹಾಕಿದ ಕಾಫಿಯನ್ನು ಹಲಗೆಯಿಂದ ಎಳೆಯುತ್ತಿದ್ದ. ಅವನ ಹಲಗೆಯಿಂದ ತಪ್ಪಿಸಿಕೊಂಡ ಹಣ್ಣೊಂದು ನೆಟ್ಟಗೆ, ಎಲ್ಲೂ ವಾಲದೆ, ಕಣದ ಅಂಚಿನವರೆಗೆ ಉರುಳಿತಂತೆ. ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದುಕೊಂಡೇ ವಾಪಸು ಬಂದರು.

ಸಾಂತಪ್ಪ ಒಪ್ಪಲು ಬಹಳ ಸತಾಯಿಸಿದರು. ಕೊನೆಗೆ ಒಂದು ಷರತ್ತು ಹಾಕಿದರು: ಚೆಂಡು ಕಾಫಿ ರಾಶಿಗೆ ನುಗ್ಗಿದರೆ ಹೊಡೆದವರೇ ಕೂತು, ಚೆಲ್ಲಿದ ಹಣ್ಣೆಲ್ಲ ಹೆಕ್ಕಬೇಕು. "ಗೋಲು ಹೊಡೀರಿ ಮಾರಾಯ್ರೆ, ಬೇಡ ಅನ್ನೋದಿಲ್ಲ. ನನ್ನ ಕಾಫಿಗೆ ಹೊಡೀಬೇಡಿ. ಇದಕ್ಕೆ ಗೋಲ್‌ಕೀಪರ್ ನಾನೇ" ಎಂದು ಅವರು ಈಗಲೂ ಹಂಗಿಸುತ್ತಾರೆ. ಬೆಳಗಿನ ಅವರ ಕಾಫಿ ಮಾತ್ರ ಕಣದ ಕಟ್ಟೆಯ ಮೇಲೆಯೇ ಆಗಬೇಕು. ಆಟ ನೋಡುವುದಕ್ಕಲ್ಲ, ರಾಶಿ ಕಾಯುವುದಕ್ಕೆ ಎನ್ನುತ್ತಾರೆ.

ಆಶಾರಾಣಿ ಹುಟ್ಟಿದ್ದು ಕುಶಾಲನಗರದ ಹತ್ತಿರದ ತೊರೆನೂರಿನಲ್ಲಿ. ಅರಕಲಗೂಡು ಕಡೆಯಿಂದ ಅಜ್ಜನ ಕಾಲಕ್ಕೆ ಬಂದು ನೆಲೆ ನಿಂತ ಬೇಸಾಯದ ಮನೆ. ಶಾಲೆಯಲ್ಲಿ ಹಾಕಿ ಹಿಡಿದವರು ಮತ್ತೆ ಬಿಡಲಿಲ್ಲ. ಆದರೆ ಕೊಡಗಿನಲ್ಲಿ ಬೇಸಿಗೆ ಬಂತೆಂದರೆ ಹಾಕಿ ಕೊಡವ ಕುಟುಂಬಗಳ ಹಬ್ಬ. ತಂಡಗಳೆಲ್ಲ ಮನೆ ಹೆಸರಿನವು, ಆಡುವವರೂ ಆ ಮನೆಯವರೇ. ಆಶಾರಾಣಿ ವರ್ಷವೂ ಹೋಗಿ ನೋಡುತ್ತಿದ್ದರು. "ಬೇಜಾರೇನಿಲ್ಲ, ಅವ್ರ ಮನೆ ಹಬ್ಬ ಅದು. ಆದ್ರೂ ಅಜ್ಜಿ ಮೊಮ್ಮಗ ಒಂದೇ ಟೀಮಲ್ಲಿ ಇಳಿಯೋದು ನೋಡಿದಾಗ, ನಂಗೂ ನಂದು ಅನ್ನೋ ಹನ್ನೊಂದು ಜನ ಇರ್ಬೇಕಿತ್ತು ಅನ್ಸೋದು" ಎನ್ನುತ್ತಾರೆ.

ಆ ಹನ್ನೊಂದು ಜನ ಸಿಗಲು ಸುತ್ತಿನ ದಾರಿಯೇ ಆಯಿತು. ತಾಯಿ ಚಲುವಮ್ಮನ ಮಾತಿಗೆ ಕಟ್ಟುಬಿದ್ದು ಮೊದಲು ಇತಿಹಾಸದಲ್ಲಿ ಎಂ.ಎ. ಮಾಡಿದರು. ಆಮೇಲೆ ತಮ್ಮ ಹಟಕ್ಕೆ ಎಂ.ಪಿ.ಎಡ್. ಸಿದ್ದಾಪುರದಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿ, ಪೇಟೆಯಲ್ಲೇ ಬಾಡಿಗೆ ಕೋಣೆ ಹಿಡಿದರು. ಬೆಳಿಗ್ಗೆ ಕಣ, ಆಮೇಲೆ ಕಾಲೇಜು. ಇತಿಹಾಸದವರು ರಜೆ ಹಾಕಿದ ದಿನ ಟ್ರ್ಯಾಕ್ ಪ್ಯಾಂಟಿನಲ್ಲೇ ಹೋಗಿ ಪಾಠ ಮಾಡಿದ್ದೂ ಉಂಟು. ಮೇಡಂ ಯುದ್ಧದ ಪಾಠ ಮಾಡಿದರೆ ಹಾಕಿಯ ರೈಟ್ ಔಟ್, ಲೆಫ್ಟ್ ಔಟ್ ಎಲ್ಲ ಬೋರ್ಡಿನ ಮೇಲೆ ಬರುತ್ತಿತ್ತು ಎಂದು ಹುಡುಗಿಯರು ನಗುತ್ತಾರೆ.

ಕಣದಲ್ಲಿ ಕಲಿತವರ ಆಟಕ್ಕೆ ಕಣದ್ದೇ ಗುಣ. ರಾಶಿಗೆ ತಾಗಬಾರದೆಂದು ಇವರು ಚೆಂಡನ್ನು ಎತ್ತುವುದೇ ಇಲ್ಲ, ನೆಲಕ್ಕೆ ಅಂಟಿಸಿಕೊಂಡೇ ಓಡುತ್ತಾರೆ. ಮಳೆಗಾಲದಲ್ಲಿ ಕಣ ಪಾಚಿ ಕಟ್ಟಿ ಜಾರುತ್ತದೆ. ಅದನ್ನು ಉಜ್ಜಿ ತೊಳೆಯುವುದು ಹಣ್ಣು ಕೊಯ್ಯುವ ಪಿಕ್ಕಿಂಗ್ ಹತ್ತಿರವಾದಾಗಲೇ. ಹಾಗಾಗಿ ಕಣ ತೆರೆದುಕೊಳ್ಳುವುದು ಕಾಫಿಗೂ ಆಟಕ್ಕೂ ಒಟ್ಟಿಗೇ. ಹೋದ ವರ್ಷದವರೆಗೆ ರಾಶಿಗಳು ಕಣದ ನಡುವೆಯೂ ಇರುತ್ತಿದ್ದವು, ರಾಶಿಯಿಲ್ಲದ ಬಯಲಲ್ಲಿ ಆಡಿ ಇವರಿಗೆ ಗೊತ್ತೇ ಇರಲಿಲ್ಲ.

ಅದರ ಫಲ ಹೋದ ವರ್ಷ ಕಂಡಿತು. ತಂಡ ಮೊದಲ ಬಾರಿಗೆ ಅಂತರ ಕಾಲೇಜು ಟೂರ್ನಿಗೆ ಹೋದಾಗ, ಹಸಿರು ಟರ್ಫಿನ ಮೇಲೆ ಎದುರಾಳಿಯೇ ಇಲ್ಲದ ಜಾಗದಲ್ಲೂ ಹುಡುಗಿಯರು ಬಳಸಿಕೊಂಡು ಓಡಿದರು. ಮೈದಾನದ ನಟ್ಟನಡು ಖಾಲಿ ಬಿದ್ದಿದೆ, ಇವರು ಸುತ್ತು ಹಾಕುತ್ತಿದ್ದಾರೆ. ಗ್ಯಾಲರಿಯಲ್ಲಿದ್ದವರು ಬಿದ್ದು ಬಿದ್ದು ನಕ್ಕರು. ಇಲ್ಲದ ಕಾಫಿ ರಾಶಿಗೆ ಸುತ್ತು ಬರುತ್ತಿದ್ದಾರೆಂದು ಗೊತ್ತಿದ್ದದ್ದು ಬೆಂಚಿನ ಮೇಲೆ ಕೂತ ಆಶಾರಾಣಿಗೆ ಮಾತ್ರ. ಸೋತು ಬಂದ ನಾಯಕಿ ಸೌಮ್ಯ, ಲೈನ್ ಮನೆಯ ಹುಡುಗಿ, ತಲೆ ತಗ್ಗಿಸಿ ಒಂದೇ ಮಾತು ಹೇಳಿದಳಂತೆ: "ರಾಶಿ ಇಲ್ಲ ಅಂತ ತಲೆಗೆ ಗೊತ್ತಿತ್ತು ಮಿಸ್. ಕಾಲಿಗೆ ಗೊತ್ತಿರ್ಲಿಲ್ಲ."

ತಪ್ಪು ಮಕ್ಕಳದ್ದಲ್ಲ, ತನ್ನದು ಎಂದುಕೊಂಡು ಬಂದ ಆಶಾರಾಣಿ ಸಾಂತಪ್ಪನವರ ಬೆನ್ನು ಹತ್ತಿದರು. ಸಂಜೆ ರಾಶಿ ಮಾಡುವಾಗ ಎಲ್ಲವನ್ನೂ ಅಂಚಿಗೆ ಎಳೆಸಿ ನಡುವೆ ಜಾಗ ಬಿಡಿ ಎಂಬುದು ಅವರ ಬೇಡಿಕೆ. ಆಳುಗಳಿಗೆ ಇಮ್ಮಡಿ ಕೆಲಸ. ಸಾಂತಪ್ಪ ಗೊಣಗಿದರು, ಆಗುವುದಿಲ್ಲ ಎಂದರು, ಆದರೆ ಈ ಸಲ ಡಿಸೆಂಬರಿನಲ್ಲಿ ಕಣ ತೆರೆದಾಗ ನಡುವೆ ಖಾಲಿ ಬಿಟ್ಟಿದ್ದರು. ಎರಡು ತಿಂಗಳಿಂದ ಹುಡುಗಿಯರು ಆ ನಡುವಿನಲ್ಲಿ ನೇರ ಓಡುವುದನ್ನು ಕಲಿಯುತ್ತಿದ್ದಾರೆ. ಈಗ ಟೂರ್ನಿ ಎದುರಿಗಿದೆ. ಸೋಮವಾರ, ಪೊನ್ನಂಪೇಟೆಯ ಟರ್ಫಿನಲ್ಲಿ.

ಅಷ್ಟರಲ್ಲಿ ಕಾಲೇಜಿಗೆ ಕಾಯಂ ದೈಹಿಕ ಶಿಕ್ಷಣ ನಿರ್ದೇಶಕರು ವರ್ಗವಾಗಿ ಬಂದರು. ಕಾಯಂನವರು ಬಂದ ದಿನ ಅತಿಥಿಯ ಕೆಲಸ ಮುಗಿಯುತ್ತದೆ, ಯಾರನ್ನೂ ದೂರುವಂತಿಲ್ಲ. ಬಂದ ಅಶೋಕ್ ಕಬಡ್ಡಿಯವರು, ಒಳ್ಳೆಯ ಮನುಷ್ಯ. ತಂಡದ ಬೆಂಚಿನಲ್ಲಿ ಆಶಾರಾಣಿಗೆ ಜಾಗ ಕೊಡಿಸಲು ಟೂರ್ನಿಯವರನ್ನು ತಾವೇ ಕೇಳಿದರು. ಕಾಲೇಜಿನ ಸಿಬ್ಬಂದಿಯಲ್ಲದವರು ಕೂರುವಂತಿಲ್ಲ ಎಂಬ ಉತ್ತರ ಬಂತು. ಗ್ಯಾಲರಿ ಇದ್ದೇ ಇದೆಯಲ್ಲ ಎಂದು ಆಶಾರಾಣಿಯೇ ಅವರನ್ನು ಸಮಾಧಾನ ಮಾಡಿದರು.

ಗ್ಯಾಲರಿಗೂ ಈಗ ಕಲ್ಲು ಬಿದ್ದಿದೆ. ಕುಶಾಲನಗರ ಕಡೆಯ ಖಾಸಗಿ ಕಾಲೇಜೊಂದು ಆಶಾರಾಣಿಯನ್ನು ಇತಿಹಾಸ ಕಲಿಸಲು ಕರೆದಿದೆ. ಮನೆಗೆ ಹತ್ತಿರ, ಕೊಠಡಿಯ ಕೆಲಸ, ಮೈದಾನವಿಲ್ಲ. ಸೇರಬೇಕಾದದ್ದು ಸೋಮವಾರ ಬೆಳಿಗ್ಗೆ. ಒಂದು ದಿನ ತಡವಾಗಿ ಬರಲೇ ಎಂದು ಅವರು ಫೋನಿನಲ್ಲಿ ಕೇಳಿಯೂ ನೋಡಿದರು. ಸೆಮಿಸ್ಟರ್ ಮುಗಿಯುತ್ತ ಬಂದರೂ ಆ ಮಕ್ಕಳಿಗೆ ಇತಿಹಾಸದ ಮೇಷ್ಟ್ರೇ ಸಿಕ್ಕಿಲ್ಲ, ಪರೀಕ್ಷೆ ಹತ್ತಿರ, ಸೋಮವಾರಕ್ಕೆಂದು ವಿಶೇಷ ತರಗತಿ ಹೇಳಿಬಿಟ್ಟಿದ್ದೇವೆ ಎಂದರಂತೆ ಅಲ್ಲಿನ ಪ್ರಾಂಶುಪಾಲರು. ಗದರಿದ್ದರೆ ಜಗಳವಾಡಬಹುದಿತ್ತು, ಅವರು ಬೇಡಿಕೊಂಡರು ಎನ್ನುತ್ತಾರೆ ಆಶಾರಾಣಿ.

ತೊರೆನೂರಿನ ಮನೆಯಲ್ಲಿ ಚಲುವಮ್ಮ ಸಂತೋಷವಾಗಿದ್ದಾರೆ. ಮಗಳು ಇನ್ನು ಆನೆ ದಾರಿಯಲ್ಲಿ ಕತ್ತಲೆಗೆ ಓಡಾಡಬೇಕಿಲ್ಲ. ಸೀರೆಗೆ ಇಸ್ತ್ರಿ ಹಾಕಿಸಿಟ್ಟಿದ್ದಾರೆ. "ಬಿಸ್ಲಲ್ಲಿ ಒಣಗಿದ್ದು ಸಾಕು ಕಣವ್ವ, ಫ್ಯಾನಿನ ಕೆಳಗೆ ನಿಂತ್ಕೊಂಡು ಪಾಠ ಹೇಳು ಅಂದೆ. ಅದ್ಕೆ ಇವ್ಳು, ಫ್ಯಾನಿನ ಕೆಳಗೆ ನಿಂತ್ರೆ ಬೆವರೇ ಬರಲ್ವಲ್ಲಮ್ಮ ಅಂತ ಅಳ್ತಾಳೆ. ಬೆವರು ಬರಲ್ಲ ಅಂತ ಅಳೋರುಂಟಾ?" ಎಂದು ಚಲುವಮ್ಮ ಕೇಳುತ್ತಾರೆ.

ಇವತ್ತು ಶನಿವಾರ, ಕಣದಲ್ಲಿ ಕೊನೆಯ ಅಭ್ಯಾಸ. ಬಿಸಿಲು ಟಾರ್ಪಾಲಿನ ಮೇಲೆ ಬೀಳುತ್ತಿದ್ದಂತೆ ಇಬ್ಬನಿ ಆರುತ್ತದೆ. ರಾಶಿ ಹರಡಲು ಆಳುಗಳು ಬರುತ್ತಾರೆ. ಸಾಂತಪ್ಪ ಅವರನ್ನು ಕಣದ ಅಂಚಿನಲ್ಲೇ ನಿಲ್ಲಿಸಿ, ಇನ್ನೂ ಇಬ್ಬನಿ ಆರಿಲ್ಲ ಎಂದು ಸುಳ್ಳು ಹೇಳುತ್ತಾರೆ. ಸೌಮ್ಯ ಚೆಂಡು ಹಿಡಿದು ನಡುವೆ ಓಡುತ್ತಾಳೆ. ಆಶಾರಾಣಿ ಸ್ಟಿಕ್ ಅಡ್ಡ ಹಿಡಿಯುವುದಿಲ್ಲ. ಒಂದು ಸುತ್ತು, ಇನ್ನೊಂದು, ಮತ್ತೊಂದು.

ಆಟ ಮುಗಿದ ಮೇಲೆ, ಅಭ್ಯಾಸ ನೋಡಲು ಬಂದಿದ್ದ ಅಶೋಕ್ ಹತ್ತಿರ ಬಂದು, ಸೋಮವಾರ ಪ್ರತಿ ಗೋಲಿಗೂ ಫೋನ್ ಮಾಡುತ್ತೇನೆ ಮೇಡಂ ಎಂದು ಮಾತು ಕೊಡುತ್ತಾರೆ. ಆಶಾರಾಣಿ ಕೂಡಲೇ ತಲೆಯಾಡಿಸಿ ಬೇಡವೆನ್ನುತ್ತಾರೆ. ಗೆದ್ದರೂ ಸೋತರೂ ಪೂರ್ತಿ ಮುಗಿದ ಮೇಲೆಯೇ ತಿಳಿಸಬೇಕು, ಅದೊಂದೇ ತಮ್ಮ ಕೋರಿಕೆ ಎನ್ನುತ್ತಾರೆ. ಯಾಕೆಂದು ಅಶೋಕ್ ಕೇಳಿದಾಗ, ಮಫ್ಲರ್ ಬಿಚ್ಚಿ ಮುಖ ಒರೆಸಿಕೊಂಡು, ಗೇಟಿನ ಕಡೆ ನಡೆಯುತ್ತಿರುವ ಹುಡುಗಿಯರನ್ನೇ ನೋಡುತ್ತ ಹೇಳುತ್ತಾರೆ:

"ಅಲ್ಲೂ ಒಂದು ಕ್ಲಾಸು ಮಕ್ಳು ನಂಗೆ ಅಂತ ಕಾಯ್ತಾ ಕೂತಿರ್ತಾರೆ ಸಾರ್. ಅರ್ಧ ಆಟದಲ್ಲಿ ಹೇಳ್ಬಿಟ್ರೆ ನಾನು ಪೊನ್ನಂಪೇಟೆ ಬಸ್ಸು ಹತ್ತಿಬಿಡ್ತೀನಿ."