ಒರೆಸಿಹೋದ ನಂಬರು

ಹಳೆಯ ಬನಿಯನ್ ತುಂಡಿನ ಮೇಲೆ ಉಗುರಿನಷ್ಟು ಉದ್ದದ ಬಿಳಿ ಗೆರೆ ಇತ್ತು. ಸುಣ್ಣದ ಪುಡಿಯಂತೆ ನಯವಾಗಿತ್ತು. ಧೂಳೆಂದುಕೊಂಡು ಬಟ್ಟೆಯನ್ನು ಕಿಟಕಿಯಾಚೆ ಒದರಿದೆ. ಹಾಗೆ ಒದರಿದ್ದು ಒಂದು ವಾಲ್ವಿನ ನಂಬರನ್ನು ಎಂದು ತಿಳಿದದ್ದು ಹತ್ತು ದಿನಗಳ ನಂತರ.

ಅದು ಆಯುಧ ಪೂಜೆಯ ಮುನ್ನಾದಿನ. ಕುಂದಾಪುರದ ನಮ್ಮ ಮನೆಯಲ್ಲಿ ಅಪ್ಪ ಸ್ಕೂಟರ್ ತೊಳೆಯುತ್ತಿದ್ದರು, ಅಮ್ಮ ತರಕಾರಿ ಹೆಚ್ಚುವ ಮೆಟ್ಟುಕತ್ತಿ ತಿಕ್ಕುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಗಿಟಾರಿನ ಆಂಪ್ಲಿಫೈಯರ್. ಅದು ಅಮ್ಮನ ಅಕ್ಕನದು. ದೊಡ್ಡಮ್ಮ ಮುಂಬಯಿಯಲ್ಲಿದ್ದಾಗ ಹವಾಯಿಯನ್ ಗಿಟಾರ್ ಕಲಿತವರು. ಅದನ್ನು ತೊಡೆಯ ಮೇಲೆ ಅಡ್ಡಲಾಗಿಟ್ಟು, ತಂತಿಗಳ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುತ್ತಾರೆ. ಈಗ ಬ್ರಹ್ಮಾವರದಲ್ಲಿದ್ದಾರೆ. ನಾನು ಗಿಟಾರ್ ಕಲಿಯುತ್ತಿದ್ದೇನೆಂದು ತಿಳಿದಾಗ, ನಾನು ಕೇಳದೆಯೇ ಆ ಪೆಟ್ಟಿಗೆಯನ್ನು ನನ್ನ ವಶಕ್ಕೆ ಕೊಟ್ಟಿದ್ದರು.

ಅದರ ಹಿಂಬದಿಯ ಹಲಗೆ ಬಿಚ್ಚಿದರೆ ಒಳಗೆ ಗಾಜಿನ ವಾಲ್ವುಗಳು ಸಾಲಾಗಿ ನಿಂತಿರುತ್ತವೆ, ಹಳೆಯ ರೇಡಿಯೊಗಳಲ್ಲಿ ಇರುತ್ತಿದ್ದಂಥವು. ಸ್ವಿಚ್ ಹಾಕಿದರೆ ನಿಧಾನವಾಗಿ ಕೆಂಪಗಾಗುತ್ತವೆ. ಒಂದೊಂದನ್ನೇ ಕಿತ್ತು, ಒರೆಸಿ, ಅದರದರ ಜಾಗದಲ್ಲೇ ಕೂರಿಸಿದೆ. ನಾನು ರಸಾಯನಶಾಸ್ತ್ರ ಓದಿದವಳು. ಲೇಬಲ್ ಇಲ್ಲದ ಬಾಟಲಿ ಮುಟ್ಟಬಾರದೆಂದು ಐದು ವರ್ಷ ಹೇಳಿಸಿಕೊಂಡಿದ್ದೇನೆ. ಆದರೂ ಗಾಜಿನ ಮೇಲಿನ ಮಸುಕು ಬರಹ ನನಗೆ ಕೊಳೆಯಂತೆಯೇ ಕಂಡಿತು. ಮರುದಿನ ಪೆಟ್ಟಿಗೆಗೆ ಗಂಧ ಹಚ್ಚಿ ಸೇವಂತಿಗೆ ಇಟ್ಟೆವು.

ವಾರ ಕಳೆಯುವಷ್ಟರಲ್ಲಿ ಅದು ಬಿಸಿ ಎಣ್ಣೆಗೆ ಸಾಸಿವೆ ಬಿದ್ದಂತೆ ಚಟಪಟ ಎನ್ನತೊಡಗಿತು. ಸ್ವರವೂ ತೆಳುವಾಯಿತು. ಶುಕ್ರವಾರ ದೊಡ್ಡಮ್ಮ ಫೋನ್ ಮಾಡಿದರು.

"ಹೆಣ್ಣೆ, ಐತ್ವಾರ ಒಂದಿನಕ್ಕ್ ಆ ಪೆಟ್ಗಿ ತಕಂಡ್ ಬತ್ಯಾ? ಬೈಂದೂರಿಂದ ಅವ್ಳ್ ಬತ್ಳಂಬ್ರ್."

'ಅವಳು' ಎಂದರೆ ಮುಂಬಯಿಯಲ್ಲಿ ಅವರ ಜೊತೆ ಅಕಾರ್ಡಿಯನ್ ನುಡಿಸುತ್ತಿದ್ದ ಗೆಳತಿ. ಮದುವೆಗಳಾದ ಮೇಲೆ ಇಬ್ಬರೂ ಒಟ್ಟಿಗೆ ಕೂತು ನುಡಿಸಿದ್ದೇ ಇಲ್ಲ.

"ನಂಗ್ ಈಗ್ಳೇ ಬೆರಳ್ ಮಡ್ಸುಕ್ ಆತಿಲ್ಲೆ. ಈ ಸಲ ಬಿಟ್ರೆ ಮತ್ತ್ ಇಲ್ಲೆ ಕಾಣ್" ಎಂದು ನಕ್ಕರು.

ಆಯ್ತು, ಭಾನುವಾರ ತರುತ್ತೇನೆ ಎಂದೆ. ಕೆಟ್ಟಿದೆ ಎಂದು ಹೇಳಲು ಬಾಯಿ ಬರಲಿಲ್ಲ.

ಶನಿವಾರ ಬೆಳಿಗ್ಗೆ ಪೇಟೆಯ ಮೈಕ್ ಸೆಟ್ ಅಂಗಡಿಯವರು ಒಳಗೆ ಇಣುಕಿ ಕೈಚೆಲ್ಲಿದರು. "ಬಸ್ರೂರಗೆ ಒಬ್ರ್ ಅಜ್ಜಯ್ಯ ಇದ್ರ್. ಹಿಂದೆ ಯಕ್ಷಗಾನಕ್ಕೆ ಮೈಕ್ ಕಟ್ತಿದ್ದವ್ರ್. ಅವ್ರನ್ನ್ ಕೇಣಿ" ಎಂದರು. ಅಪ್ಪನ ಸ್ಕೂಟರಿನ ಮುಂದೆ ಪೆಟ್ಟಿಗೆ ಇಟ್ಟುಕೊಂಡು, ನನ್ನ ಗಿಟಾರನ್ನು ಬೆನ್ನಿಗೇರಿಸಿ ಹೊರಟೆ.

ಅಜ್ಜಯ್ಯ ಅದನ್ನು ಜಗಲಿಯ ಮೇಲೆ ತಿರುಗಿಸಿಟ್ಟುಕೊಂಡರು. ನಾನು ಕೈ ಚಾಚಿದಾಗ ಗದರಿದರು. "ಒಳ್ಗ್ ಕೈ ಹಾಕ್ಬೇಡ ಮಾರಾಯ್ತಿ. ಪ್ಲಗ್ ತೆಗ್ದ್ರೂ ಕರೆಂಟ್ ಕೂತಿರತ್ತ್." ಮೊದಲು ವಾಲ್ವುಗಳ ಕಾಲುಗಳನ್ನು ಉಜ್ಜಿ, ಉಪ್ಪುಗಾಳಿಗೆ ಹಿಡಿದಿದ್ದ ಹಸಿರು ಕಿಲುಬು ತೆಗೆದರು. ಚಟಪಟ ನಿಲ್ಲಲಿಲ್ಲ. ಆಮೇಲೆ ಸ್ವಿಚ್ ಹಾಕಿಟ್ಟು, ಪೆನ್ಸಿಲಿನ ಹಿಂತುದಿಯಿಂದ ಒಂದೊಂದೇ ವಾಲ್ವಿನ ತಲೆಗೆ ಮೆಲ್ಲನೆ ಬಡಿಯತೊಡಗಿದರು.

"ನಾ ಬಡಿತೆ, ನೀ ಕೇಣ್. ಮೈಕಿನ್ ಬುಡ್ದಗೆ ಕೂತ್ ಕೂತ್ ನನ್ ಕೆಮಿ ಹೋಯ್ತ್" ಎಂದು ಕಿವಿ ಮುಟ್ಟಿ ತೋರಿಸಿದರು.

ಎರಡನೆಯ ಗಿಡ್ಡ ವಾಲ್ವಿಗೆ ಬಡಿದಾಗ ಸ್ಪೀಕರ್ ಚಟಾರೆಂದಿತು. ಇದೇ ಎಂದೆ.

ಆರಿದ ಮೇಲೆ ಅದನ್ನು ಕಿತ್ತು, ಬೆಳಕಿಗೆ ಹಿಡಿದು ತಿರುಗಿಸಿದರು. "ಇದ್ರ್ ನಂಬರ್ ಒರ್ಸಿದ್ದ್ ಯಾರ್?"

"ನಾನೇ. ಆಯುಧ ಪೂಜೆಗೆ."

ಬೈಗುಳ ಬರುತ್ತದೆಂದು ಕಾದೆ. ಅವರು ಬೊಚ್ಚು ಬಾಯಿ ತೆರೆದು ನಗತೊಡಗಿದರು. "ನೀ ಒಂದ್ ಒರ್ಸಿದ್ಯಲೆ. ನಾ ಒಂದ್ ವರ್ಷ ಪೂಜಿಗೆ ಒಂದ್ ಪೆಟ್ಗಿ ವಾಲ್ವ್ ಒರ್ಸಿ ಪಳಪಳ ಮಾಡಿದ್ದೆ. ಮಾರ್ನೇ ದಿನ ಯಕ್ಷಗಾನದ್ ಆಟ ಇತ್ತ್. ಯಾವ್ದ್ ಯಾವ್ದಂದೇ ಗೊತ್ತಿಲ್ಲೆ!"

ಒಳಗಿನಿಂದ ಬಿಸ್ಕತ್ತಿನ ಡಬ್ಬ ತಂದರು. ಹಳೆಯ ಪೇಪರಿನಲ್ಲಿ ಸುತ್ತಿಟ್ಟ ಗಿಡ್ಡ ವಾಲ್ವುಗಳು ಮೂರು ಸಿಕ್ಕವು: ಇಸಿಸಿ 81, 82, 83. ನೋಡಲು ಒಂದೇ ತರಹ. "ಮೂರೂ ಕೂತ್ಕಣತ್ತ್, ಮೂರೂ ಉರಿತ್ತ್. ಸ್ವರ ಮಾತ್ರ ಬೇರೆ" ಎಂದರು. ಮೂರನ್ನೂ ಹಾಕಿ ನೋಡಬಹುದಿತ್ತು. ಆದರೆ ಅವರಿಗೆ ಕೇಳಿಸದು, ನನ್ನ ಕಿವಿಯನ್ನು ನಾನೇ ನಂಬಲಾರೆ. ವ್ಯತ್ಯಾಸ ಬಲ್ಲವರು ದೊಡ್ಡಮ್ಮ ಒಬ್ಬರೇ; ಅವರಿಗೆ ನಾಳೆ ಬೇಕಾದದ್ದು ಅವರ ಹಳೆಯ ಸ್ವರ.

"ತಡಿ, ಮೀನಿನವ್ಳ್ ಬರ್ಲಿ" ಎಂದು ಅಜ್ಜಯ್ಯ ಚಹಾ ತರಿಸಿದರು. ಮೀನಿಗೂ ವಾಲ್ವಿಗೂ ಏನು ಸಂಬಂಧವೆಂದು ನನಗೆ ಅರ್ಥವಾಗಲಿಲ್ಲ.

ಮೀನಿನ ಅಕ್ಕ ಬಂದು ಬಾಕ್ಸಿನ ಮುಚ್ಚಳ ತೆಗೆದಾಗ, ಅಜ್ಜಯ್ಯ ನಂಬರು ಹೋದ ವಾಲ್ವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಕಟ್ಟಿ, ಬಂಗುಡೆಯ ಪಕ್ಕ ಐಸಿನೊಳಗೆ ಹುಗಿದರು.

"ಹ್ವಾಯ್, ಎಂತ ಇದ್? ಇವತ್ತ್ ಬಲ್ಬಿನ್ ಸಾರಾ?"

"ಹೌದ್. ನಿನ್ ಬಂಗ್ಡಿಗಿಂತ ಹೊಸ್ತ್ ಇತ್ತ್."

"ನಿಮ್ಗ್ ಹಲ್ಲಿಲ್ಲೆ, ಅದ್ನೇ ಚೀಪಿ" ಎಂದು ಅಕ್ಕ ಅಲ್ಲಿಯೇ ಕುಳಿತರು. ಹೋಗುವ ಅವಸರವಿದ್ದರೂ ಹೋಗಲಿಲ್ಲ.

ಹತ್ತು ನಿಮಿಷಕ್ಕೆ ಅಜ್ಜಯ್ಯ ಕವರ್ ಬಿಚ್ಚಿ ವಾಲ್ವನ್ನು ನನ್ನ ಕಣ್ಣ ಮುಂದೆ ಹಿಡಿದರು. ನಮ್ಮ ಸೆಕೆಯ ಗಾಳಿ ತಾಗಿದ್ದೇ ಗಾಜು ಪೂರ್ತಿ ಬೆವರಿತು. ಬರಹವಿದ್ದ ಜಾಗ ಮಾತ್ರ ಬೇರೆ ರೀತಿ ಮಂಜುಗಟ್ಟಿ, ಅಕ್ಷರಗಳು ಒಂದೊಂದಾಗಿ ಎದ್ದುಬಂದವು. ಮೂವರೂ ತಲೆಗೆ ತಲೆ ತಾಗುವಂತೆ ಬಗ್ಗಿದ್ದೆವು.

"ಇಸಿಸಿ ಎಂಬತ್ಮೂರು!" ನಾನು ಅಷ್ಟು ಗಟ್ಟಿಯಾಗಿ ಮಾತಾಡುವವಳಲ್ಲ.

ನೀರು ಹನಿಯಾಗಿ ಇಳಿದು ನಂಬರು ಮತ್ತೆ ಮಾಯವಾಯಿತು. ಅಜ್ಜಯ್ಯ ಡಬ್ಬದಿಂದ 83 ಎತ್ತಿ ಕೂರಿಸಿದರು. ನಾನು ಗಿಟಾರ್ ಜೋಡಿಸಿ ಒಂದು ತಂತಿ ಮೀಟಿದೆ. ಅವರು ಸ್ಪೀಕರಿನ ಬಟ್ಟೆಯ ಮೇಲೆ ಅಂಗೈ ಇಟ್ಟು, ಅದರ ಕಂಪನ ಹಿಡಿದು ನೋಡಿ, "ಸಮ ಆಯ್ತ್" ಎಂದರು. ಮನೆಯವರು ಗುಜರಿಗೆ ಹಾಕಿ ಎಂದು ಎಷ್ಟು ಹೇಳಿದರೂ ಆ ಡಬ್ಬವನ್ನು ಉಳಿಸಿಕೊಂಡವರು ಅವರು. ತಮ್ಮ ತಪ್ಪನ್ನು ಹೇಳಿ ನನ್ನದನ್ನು ಹಗುರ ಮಾಡಿದವರೂ ಅವರೇ. ನಾನು ಸರಿಯಾಗಿ ಥ್ಯಾಂಕ್ಸ್ ಹೇಳಿದೆನೋ ಇಲ್ಲವೋ ನೆನಪಿಲ್ಲ. ಬಹುಶಃ ತಲೆಯಾಡಿಸಿದೆ ಅಷ್ಟೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬ್ರಹ್ಮಾವರಕ್ಕೆ ಹೋದೆ. ಪ್ಲಗ್ ಹಾಕುವ ಮೊದಲೇ ದೊಡ್ಡಮ್ಮನಿಗೆ ಎಲ್ಲವನ್ನೂ ಹೇಳಿದೆ. "ಪೂಜಿಗ್ ಒರ್ಸದೇ ಇಡುಕಾತ್ತಾ?" ಎಂದರು, ಅಷ್ಟೆ. ಒಂಬತ್ತು ಗಂಟೆಗೆ ಗೆಳತಿ ಬಂದರು. ದೊಡ್ಡಮ್ಮ ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸಿದರು, ತಡೆದು ಕಿವಿಗೊಟ್ಟರು, ಇನ್ನೊಮ್ಮೆ ಜಾರಿಸಿದರು. ಆಮೇಲೆ ನನ್ನ ಕಡೆ ನೋಡುವುದನ್ನು ಮರೆತರು. ನಾನು ಬಾಗಿಲನ್ನು ಅರ್ಧ ಎಳೆದು, ಅಡುಗೆಮನೆಗೆ ಹೋಗಿ, ಮೂವರಿಗೂ ಚಹಾಕ್ಕೆ ನೀರಿಟ್ಟೆ.