ಪುಸ್ತಕದಾಗಿನ ಮನಷ್ಯಾ

ಅಕ್ಕೋರ ಗದ್ದ ಚೂಪು. ಸಿಟ್ಟು ಬಂದಾಗ ಅದು ಇನ್ನಷ್ಟು ಮುಂದೆ ಬಂದು ಕೆಳದುಟಿ ಒಳಗೆ ಸೇರಿಹೋಗುತ್ತಿತ್ತು. ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಹತ್ತರಗಿ ಹತ್ತಿರದ ನಮ್ಮೂರ ಸಾಲೆಯಲ್ಲಿ ಸಣ್ಣ ಮಕ್ಕಳಿಗೆ ಅವರೇ ಕಲಿಸುತ್ತಿದ್ದರು.

ನಾನು ಒಂದನೆಯ ತರಗತಿಯಲ್ಲಿದ್ದಾಗ ನಮ್ಮನ್ನು ಬೆಳಗಾವಿಗೆ ಕರೆದೊಯ್ದರು. ತಾನಾಗಿ ಸರಿಯುವ ಮೆಟ್ಟಿಲು ತೋರಿಸಲೆಂದು ಒಂದು ದೊಡ್ಡ ಬಟ್ಟೆಯಂಗಡಿ ಹೊಕ್ಕೆವು. ಅದರ ಮೇಲೆ ಕಾಲಿಟ್ಟವಳೇ ನಾನು ಹೆದರಿ ಕುಳಿತು ಚೀರಿದೆ, ಲಂಗ ಒದ್ದೆಯಾಯಿತು. ಅಲ್ಲಿನ ಮ್ಯಾನೇಜರ್ ನನ್ನ ರಟ್ಟೆ ಹಿಡಿದು ಬಾಗಿಲ ತನಕ ಎಳೆದೊಯ್ದ. “ಎಲ್ಲಿಂದ ಹೊಡಕೊಂಡ ಬಂದೀರಿ ಇವನ್ನ?” ಎಂದು ಅಕ್ಕೋರನ್ನು ಕೇಳಿದ. ಹೊಡಕೊಂಡು ಬರುವುದು ದನಗಳನ್ನು. ಸುತ್ತಲಿದ್ದವರು ನಕ್ಕರು.

ಬಸ್ಸು ಯಮಕನಮರಡಿ ದಾಟಿದ ಮೇಲೆ ಅಕ್ಕೋರು, ಬರುವ ವರ್ಷ ಮತ್ತೆ ಅದೇ ಅಂಗಡಿಗೆ ಹೋಗುವುದಾಗಿ ಹೇಳಿದರು.

ಅವತ್ತಿನಿಂದ ಚಿತ್ರದ ಪುಸ್ತಕ ಬರೆಯತೊಡಗಿದರು. ಬಸ್‌ಸ್ಟ್ಯಾಂಡಿನ ಗದ್ದಲ, ರಸ್ತೆ ದಾಟುವುದು, ಲಿಫ್ಟು, ಅಕ್ಕೋರ ಕೈ ತಪ್ಪಿದರೆ ನಿಂತಲ್ಲೇ ನಿಲ್ಲುವುದು. ರವಿವಾರ ತಾವೇ ಬೆಳಗಾವಿಗೆ ಹೋಗಿ ಮೆಟ್ಟಿಲಿನ ವಿಡಿಯೋ ಮಾಡಿಕೊಂಡು ಬಂದು ಸಾಲೆಯ ಟಿವಿಯಲ್ಲಿ ತೋರಿಸಿದರು. ಪಡಸಾಲೆಯಲ್ಲಿ ಸುಣ್ಣದ ಗೆರೆ ಎಳೆದು ಕಾಲಿಡುವುದನ್ನು ರೂಢಿ ಮಾಡಿಸಿದರು. ಒಂದು ಪುಟದ ತುಂಬ ಆ ಮ್ಯಾನೇಜರ್ ಇದ್ದ: ನೀಲಿ ಟೈ, ಕೆನ್ನೆಯ ಮೇಲೆ ದೊಡ್ಡ ಮಚ್ಚೆ. ಇಂಥವನು ಕೈ ಹಿಡಿದರೆ ಏನನ್ನಬೇಕು ಎಂದು ಕೇಳುತ್ತಿದ್ದರು. “ಕೈ ಬಿಡ್ರಿ, ನಮ್ಮ ಅಕ್ಕೋರು ಅದಾರ,” ಎಂದು ನಾವೆಲ್ಲ ಒಂದೇ ದನಿಯಲ್ಲಿ ಹೇಳುತ್ತಿದ್ದೆವು.

ಸಣ್ಣ ಮಕ್ಕಳಿಗೆ ಹಗೆ ಕಲಿಸಬೇಡಿ, ಆ ಪುಟ ಹರಿದುಬಿಡಿ ಎಂದರು ಹೆಡ್‌ಮಾಸ್ತರರು. ಅಕ್ಕೋರು ಕೇಳಲಿಲ್ಲ. “ನಾಳೆ ಆ ಕೈ ಮತ್ತ ಯಾರ್ದರ ರಟ್ಟಿ ಹಿಡೀತೈತ್ರಿ ಸರ್. ಅವ ಹೆಂಗ ಇರ್ತಾನಂತ ಹುಡುಗರಿಗಿ ಗೊತ್ತಿರ್ಲಿ.” ಆದರೆ ಮಚ್ಚೆಗೆ ಕಪ್ಪು ಬಳಿಯುವಾಗ ಅವರು ಹಾಳೆ ತೂತಾಗುವಂತೆ ಒತ್ತುತ್ತಿದ್ದುದನ್ನು ನಾನು ನೋಡಿದ್ದೆ.

ಮರುವರ್ಷ ಮೆಟ್ಟಿಲನ್ನು ಎಲ್ಲರಿಗಿಂತ ಮೊದಲು ನಾನು ಹತ್ತಿದೆ. ಮೇಲೆ ಅವನೇ ನಿಂತಿದ್ದ. ನನ್ನ ಹಿಂದಿದ್ದ ಪುಟ್ಟ ಹುಡುಗಿ ಬೆರಳು ಮಾಡಿ, “ಅಕ್ಕೋರ, ಪುಸ್ತಕದಾಗಿನ ಮನಷ್ಯಾ,” ಎಂದಳು. ಸೀರೆ ನೋಡುತ್ತಿದ್ದವರೆಲ್ಲ ತಿರುಗಿದರು. ಅಕ್ಕೋರು ಚೀಲದಿಂದ ಪುಸ್ತಕ ತೆಗೆದು ಆ ಪುಟವನ್ನು ಅವನ ಮುಖದೆದುರು ಹಿಡಿದರು. ಅವನ ಕೈ ತಾನಾಗಿ ಮಚ್ಚೆ ಮುಚ್ಚಿಕೊಂಡಿತು.

“ಮಂದಿ ನೋಡಾಕತ್ತಾರ್ರಿ ಮೇಡಂ, ಮುಚ್ರಿ ಅದನ್ನ.”

“ಹ್ವಾದ ವರ್ಷಾನೂ ಮಂದಿ ನೋಡಾಕತ್ತಿದ್ರು,” ಎಂದರು ಅಕ್ಕೋರು. ನನ್ನನ್ನು ಮುಂದೆ ತಂದು ನಿಲ್ಲಿಸಿದರು.

ಅವನು ಬಗ್ಗಿ, “ತಪ್ಪಾತವಾ,” ಎಂದ. ಅವನು ಕಣ್ಣು ಕೆಳಗೆ ಮಾಡುವ ತನಕ ನೋಡುತ್ತಲೇ ನಿಂತೆ. ಅಷ್ಟು ಹೊತ್ತೂ ಅಕ್ಕೋರು ಪುಸ್ತಕ ಮುಚ್ಚಲಿಲ್ಲ.

ಅವನು ತಪ್ಪೊಪ್ಪಿಕೊಂಡರೂ ಆ ಪುಟ ಉಳಿಯಿತು. ಪುಸ್ತಕ ಹಳೆಯದಾದಾಗಲೆಲ್ಲ ಹೊಸದಾಗಿ ಬರೆದರು; ಅವನ ಮುಖ ಮಾತ್ರ ಒಮ್ಮೆಯೂ ಚಂದವಾಗಲಿಲ್ಲ. ಗೋಕಾಕ, ಮೂಡಲಗಿ ಕಡೆಯ ಶಿಕ್ಷಕಿಯರು ಝೆರಾಕ್ಸ್ ಮಾಡಿಸಿಕೊಂಡು ಹೋದರು. ಅವನನ್ನು ಎಂದೂ ಕಾಣದ ಊರುಗಳ ಮಕ್ಕಳೂ ಅವನನ್ನು ಗುರುತಿಸುವಂತಾದರು.

ಇಷ್ಟು ವರ್ಷಗಳ ಮೇಲೆ, ಹೋದ ಮಳೆಗಾಲ ಘಟಪ್ರಭಾದ ಆಸ್ಪತ್ರೆಯಲ್ಲಿ ಅಕ್ಕೋರು ತೀರಿಕೊಂಡರು. ಅದಕ್ಕೆ ಎರಡು ದಿನ ಮೊದಲು ನೋಡಲು ಹೋಗಿದ್ದೆ. ಪುಸ್ತಕದ ಆ ಮನುಷ್ಯ ಲಕ್ವಾ ಹೊಡೆದು ಮಲಗಿದ್ದಾನೆಂದು ಕೇಳಿದ್ದೆ, ಹೇಳಿದೆ. ಪಾಪ ಎನ್ನಲಿಲ್ಲ ಅವರು. “ನಿನ್ನ ರಟ್ಟಿ ಮ್ಯಾಲ ಅವನ ಬೆರಳ ಮೂಡಿದ್ದು ನಾ ನೋಡೇನವಾ,” ಎಂದರು.

ನನ್ನ ತಾಯಿಗೂ ಅದು ಮರೆತುಹೋಗಿತ್ತು. ನನ್ನ ಸಲುವಾಗಿ ಇಷ್ಟು ಕಾಲ ಸಿಟ್ಟು ಆರಗೊಡದವರು ಅವರೊಬ್ಬರೇ.