ದೊಡ್ಡಮ್ಮನ ಒಂಟಿಕಾಲು

ದೊಡ್ಡಮ್ಮನ ಎಡಭುಜ ಬಲಭುಜಕ್ಕಿಂತ ಒಂದು ಬೆರಳಿನಷ್ಟು ಇಳಿದಿತ್ತು. ಸೆರಗು ಆ ಭುಜದ ಮೇಲೆ ನಿಲ್ಲುತ್ತಲೇ ಇರಲಿಲ್ಲ. ಮಾತಿನ ನಡುವೆ ಮೇಲೆಳೆದುಕೊಳ್ಳುವುದು, ಅದು ಜಾರುವುದು, ಮತ್ತೆ ಎಳೆದುಕೊಳ್ಳುವುದು. ಡಾಕ್ಟರು ಇದೇನು ಅಂತ ಕೇಳಿದರೆ, ಕ್ಯಾಮೆರಾ ಚೀಲ ಹೊತ್ತು ಹೊತ್ತು ಹಾಗಾಯ್ತು ಅಂತ ಬಹುಮಾನ ಬಂದವರ ಹಾಗೆ ಹೇಳುತ್ತಿದ್ದರು.

ಅವರು ನನ್ನ ಅಮ್ಮನ ಅಕ್ಕ. ಮಲ್ಲಂದೂರಿನ ಹತ್ತಿರ ಅವರದ್ದೊಂದು ಕಾಫಿ ಎಸ್ಟೇಟ್. ದೊಡ್ಡಪ್ಪ ತೀರಿಕೊಂಡ ಮೇಲೆ ಅದನ್ನು ತಾವೇ ನಡೆಸಿದರು, ಉಳಿದ ಹೊತ್ತೆಲ್ಲ ಹಕ್ಕಿಗಳ ಫೋಟೋ ತೆಗೆದರು. ಜೀಪಿನಲ್ಲಿ ಹೋಗುವಾಗ ಮರದ ಮೇಲೆ ಏನಾದರೂ ಅಲ್ಲಾಡಿದರೆ ಸಾಕು, ರಸ್ತೆಯ ನಡುವೆಯೇ ಬ್ರೇಕ್. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದರೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ತುಟಿಯ ಮೇಲೆ ಬೆರಳಿಟ್ಟು ಅವನನ್ನೇ ಸುಮ್ಮನಿರಿಸುತ್ತಿದ್ದರು. ಆಶ್ಚರ್ಯ ಅಂದರೆ ಅವನೂ ಸುಮ್ಮನಾಗುತ್ತಿದ್ದ.

ಕೊನೆಯ ವರ್ಷಗಳಲ್ಲಿ ಅವರ ಮಂಡಿ ಕೈಕೊಟ್ಟಿತು. ಆದರೂ ಬೆಳಿಗ್ಗೆ ತೋಟದ ರೌಂಡ್ಸ್ ತಪ್ಪಿಸಲಿಲ್ಲ. ಮಾನೊಪಾಡ್ ಅಂತ ಒಂದಿದೆ, ದೊಡ್ಡ ಲೆನ್ಸಿನ ಭಾರ ಹೊರುವುದಕ್ಕೆ ಇರುವ ಒಂಟಿಕಾಲು, ಬೇಕಾದಷ್ಟು ಉದ್ದ ಎಳೆದುಕೊಳ್ಳಬಹುದು. ಅದನ್ನು ಊರಿಕೊಂಡು ತೋಟ ಸುತ್ತುತ್ತಿದ್ದರು. ಒದ್ದೆ ತರಗೆಲೆಯ ಇಳಿಜಾರಿನಲ್ಲಿ ಜಾರಬಾರದು ಅಂತ ಹಳೆಯ ಜೀಪ್ ಟೈರು ಕೊಯ್ದು ಅದರ ತುದಿಗೆ ಅಗಲವಾದ ಪಾದವನ್ನೂ ಕಟ್ಟಿಸಿದ್ದರು. ನಾನು ಚಿಕ್ಕಮಗಳೂರಿನಿಂದ ಚಂದದ ಊರುಗೋಲು ತಂದುಕೊಟ್ಟಾಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಮುದುಕರಿಗೆ ಅಂದರು. ವಾರ ಕಳೆಯುವುದರಲ್ಲಿ ಅದು ಬಾಗಿದ ಮೆಣಸಿನ ಬಳ್ಳಿಯೊಂದಕ್ಕೆ ಆಸರೆಯಾಗಿ ನಿಂತಿತ್ತು. ಹಾಗಾದರೆ ನೀವು ಊರಿಕೊಂಡಿರುವುದು ಏನು ಅಂತ ಕೇಳಿದ್ದಕ್ಕೆ, "ಇದು ಕೋಲಲ್ಲ, ಮಾನೊಪಾಡ್" ಅಂದರು. ಯಾರು ಕೇಳಿದರೂ ಅದೇ ಉತ್ತರ.

ನಾನು ಆಗ ಚಿಕ್ಕಮಗಳೂರಿನಲ್ಲಿ ಮದುವೆ, ನಾಮಕರಣ, ಹೋಂಸ್ಟೇಗಳ ಫೋಟೋ ತೆಗೆಯುತ್ತಿದ್ದೆ. ಜೀವನ ನಡೆಯುತ್ತಿತ್ತು, ಜೀವ ಮಾತ್ರ ಫುಟ್‌ಬಾಲಿನಲ್ಲಿತ್ತು. ಒಂದು ದಿನ ಕಾಲೇಜಿನ ಗೆಳತಿಯ ಫೋನ್ ಬಂತು. ಅವಳು ಬೆಂಗಳೂರಿನ ಕ್ರೀಡಾ ವೆಬ್‌ಸೈಟೊಂದರಲ್ಲಿ ಚಿತ್ರಗಳ ಸಂಪಾದಕಿ. ಅವರ ಫೋಟೋಗ್ರಾಫರ್ ಕೆಲಸ ಬಿಟ್ಟಿದ್ದ. ವೃತ್ತಿಪರ ಲೀಗಿನ ಒಂದು ಮ್ಯಾಚ್ ನನಗೆ ಕೊಡುತ್ತೇನೆ, ಚಿತ್ರಗಳು ಹಿಡಿಸಿದರೆ ಇಡೀ ಸೀಸನ್ ನನ್ನದೇ, ಇಲ್ಲದಿದ್ದರೆ ಬೇರೆಯವರನ್ನು ಹುಡುಕುತ್ತೇವೆ ಅಂದಳು. ನಾನು ಸ್ಕೂಟರ್ ಹತ್ತಿ ಸೀದಾ ಮಲ್ಲಂದೂರಿಗೆ ಹೋದೆ. ಸುದ್ದಿ ಕೇಳಿದ ದೊಡ್ಡಮ್ಮ ಕುರ್ಚಿಯಿಂದ ಎದ್ದವರು ಮತ್ತೆ ಕೂರಲಿಲ್ಲ, ಜಗಲಿಯ ಉದ್ದಕ್ಕೂ ಟಕ್ ಟಕ್ ಅಂತ ಓಡಾಡಿದರು. ನನಗಿಂತ ಅವರಿಗೇ ಹೆಚ್ಚು ಹುರುಪು.

ಅವರ ಬಳಿ ಹಕ್ಕಿಗಳಿಗೆಂದು ಇಟ್ಟುಕೊಂಡ ಆರುನೂರು ಎಂಎಂ ಲೆನ್ಸಿತ್ತು, ತೋಳಿನಷ್ಟು ಉದ್ದ. ಅದನ್ನೇ ಒಯ್ಯುವುದು ಅಂತ ಇಬ್ಬರೂ ತೀರ್ಮಾನ ಮಾಡಿಬಿಟ್ಟೆವು. ಉದ್ದ ಹೆಚ್ಚಾದಷ್ಟೂ ಒಳ್ಳೆಯದು, ಅದರಲ್ಲಿ ಯೋಚನೆ ಮಾಡುವುದೇನಿದೆ? ಜೊತೆಗೆ ಮೂರು ಕಾಲಿನ ಭರ್ಜರಿ ಟ್ರೈಪಾಡ್. ಮೂಡಿಗೆರೆಯ ಕಡೆ ಎಸ್ಟೇಟ್ ತಂಡಗಳ ಫುಟ್‌ಬಾಲ್ ನಡೆಯುತ್ತಿತ್ತು. ಅಲ್ಲೊಂದು ಕೈ ನೋಡೋಣ ಅಂತ ಜೀಪಿಗೆ ಎಲ್ಲ ತುಂಬಿಕೊಂಡು ಹೊರಟೆವು.

ನಮ್ಮ ಕಡೆ ಮೈದಾನ ಅಂದರೆ ಗುಡ್ಡ ಕಡಿದು ಮಾಡಿದ ಜಾಗ. ಒಂದು ಪಕ್ಕಕ್ಕೆ ಕಡಿದ ಗೋಡೆಯಂಥ ದರೆ ಇದ್ದೇ ಇರುತ್ತದೆ, ಊರಿಗೆ ಊರೇ ಆ ದರೆಯ ಮೇಲೆ ಕೂತು ಆಟ ನೋಡುತ್ತದೆ. ಹುಟ್ಟಿದಾಗಿನಿಂದ ಆಟವನ್ನು ಮೇಲಿನಿಂದಲೇ ನೋಡಿದವರು ನಾವು. ಟ್ರೈಪಾಡನ್ನೂ ಹೊತ್ತುಕೊಂಡು ದರೆಯ ಮೇಲಕ್ಕೇ ಹೋದೆವು, ಬೇರೆ ಜಾಗ ಇದೆ ಅಂತ ಹೊಳೆಯಲೂ ಇಲ್ಲ. ಮೊದಲರ್ಧ ಮುಗಿದ ಮೇಲೆ ಚಿತ್ರಗಳನ್ನು ನೋಡಿದರೆ ಎಲ್ಲದರಲ್ಲೂ ನೆತ್ತಿ, ನೆತ್ತಿಯ ಹಿಂದೆ ಹುಲ್ಲು. ಒಂದು ಮುಖವಿಲ್ಲ. ದೊಡ್ಡಮ್ಮ ಪರದೆಯನ್ನು ಬಹಳ ಹೊತ್ತು ನೋಡಿ, ಕ್ಷೌರದಂಗಡಿ ಇಡುವವರಿಗಾದರೆ ಇವು ಆಗಬಹುದು ಅಂದರು.

ಎರಡನೆಯ ಅರ್ಧಕ್ಕೆ ಕೆಳಗಿಳಿದು ಗೆರೆಯ ಹತ್ತಿರ ನಿಂತೆವು. ಆಟಗಾರರು ಹತ್ತಿರ ಬಂದರೆ ಆರುನೂರು ಎಂಎಂನಲ್ಲಿ ಕಾಣುತ್ತಿದ್ದದ್ದು ಒಂದು ಮಂಡಿ ಮತ್ತು ಅರ್ಧ ಚೆಂಡು. ಅಷ್ಟರಲ್ಲಿ ಚೆಂಡಿನ ಹಿಂದೆ ಓಡಿಬಂದ ಹುಡುಗನೊಬ್ಬ ಗೆರೆ ದಾಟಿ ಟ್ರೈಪಾಡಿನ ಕಾಲಿಗೇ ಎಡವಿದ. ದೊಡ್ಡಮ್ಮ ಲೆನ್ಸನ್ನು ತಬ್ಬಿಕೊಂಡು ಕೆಸರಿನಲ್ಲಿ ಕೂತುಬಿಟ್ಟರು. ನಾನು ಗಾಬರಿಯಿಂದ ಎಬ್ಬಿಸಲು ಹೋದರೆ ಅವರು ಕೂತಲ್ಲೇ ತಲೆಯೆತ್ತಿ ಆಟ ನೋಡುತ್ತಿದ್ದರು.

"ಇಲ್ಲಿ ಕೂತ್ಕೊಳೇ ಮಾರಾಯ್ತಿ," ಅಂದರು. "ಇಲ್ಲಿಂದ ಎಲ್ರೂ ಎಷ್ಟು ಎತ್ತರ ಕಾಣ್ತಾರೆ ನೋಡು."

ನಾನೂ ಕೆಸರಿನಲ್ಲಿ ಕೂತೆ. ನಿಜ. ನೆಲದ ಮಟ್ಟದಿಂದ ನೋಡಿದರೆ ಜಿಗಿದವನು ಮರಗಳನ್ನೂ ಮೀರಿ ಆಕಾಶದಲ್ಲಿದ್ದ. ಮನೆಗೆ ಬರುವವರೆಗೆ ಜೀಪಿನಲ್ಲಿ ಒಬ್ಬರ ಮಾತು ಒಬ್ಬರು ಮುಗಿಸಲು ಬಿಡಲಿಲ್ಲ. ಆರುನೂರು ಬೇಡ, ನಾನೂರು ಸಾಕು, ಆದರೆ ದೊಡ್ಡ ಬಾಯಿಯದು ಬೇಕು, ದೀಪದ ಬೆಳಕಿನ ಆಟಕ್ಕೆ ಬೆಳಕು ಜಾಸ್ತಿ ಒಳಗೆ ಬಿಟ್ಟುಕೊಳ್ಳುವ ಲೆನ್ಸೇ ಆಗಬೇಕು. ಅದನ್ನು ಬೆಂಗಳೂರಿನಿಂದ ಬಾಡಿಗೆಗೆ ತರಿಸುವುದು. ಹತ್ತಿರದ ಆಟಕ್ಕೆ ಮದುವೆಮನೆಗಳಲ್ಲಿ ಬಳಸುವ ನನ್ನ ಲೆನ್ಸನ್ನು ಇನ್ನೊಂದು ಕ್ಯಾಮೆರಾದಲ್ಲಿ ಹಾಕಿ ಹೆಗಲಿಗೆ ನೇತುಹಾಕಿಕೊಳ್ಳುವುದು. ಟ್ರೈಪಾಡನ್ನು ಮಾತ್ರ ಮನೆ ಬಿಟ್ಟು ಹೊರಗೇ ತರಬಾರದು.

ಆಮೇಲೆ ಪಾಠ ಶುರುವಾಯಿತು. ಲೆನ್ಸಿನ ಜೊತೆಗೆ ಬಾಡಿಗೆಗೆ ಬಂದ ಮಾನೊಪಾಡನ್ನು ನಾನು ಕ್ಯಾಮೆರಾದ ತಳಕ್ಕೆ ತಿರುಗಿಸಿ ಕೂರಿಸಲು ಹೋದಾಗ ಕೈಮೇಲೆ ಒಂದು ಏಟು ಬಿತ್ತು. ಮಗುವನ್ನು ಕಾಲು ಹಿಡಿದು ಎತ್ತುತ್ತೀಯಾ, ಭಾರ ಎಲ್ಲಿದೆಯೋ ಅಲ್ಲಿ ಹಿಡಿ ಅಂತ ಬೈದು, ಲೆನ್ಸಿನ ಹೊಟ್ಟೆಗೆ ಸುತ್ತಿದ ಪಟ್ಟಿಗೆ ಕೂರಿಸಿದರು. ಆ ಪಟ್ಟಿಯ ತಿರುಪನ್ನು ಸ್ವಲ್ಪ ಸಡಿಲ ಬಿಡಬೇಕು, ಆಗ ಕೋಲು ಅಲ್ಲಾಡದೆ ಕ್ಯಾಮೆರಾ ಅಡ್ಡದಿಂದ ಉದ್ದಕ್ಕೆ ತಿರುಗುತ್ತದೆ. ಕಣ್ಣು ಮುಚ್ಚಿಕೊಂಡು ತಿರುಗಿಸಲು ಬರುವವರೆಗೆ ಬಿಡಲಿಲ್ಲ. ತೋಟದ ರೈಟರ್ ಲೆಕ್ಕ ಒಪ್ಪಿಸಲು ಬಂದರೆ ಅವರನ್ನೇ ಅಂಗಳದಲ್ಲಿ ಹಿಂದೆ ಮುಂದೆ ಓಡಿಸಿ ನನ್ನ ಕೈಯಲ್ಲಿ ಫೋಟೋ ತೆಗೆಸಿದರು. ರೈಟರಿಗೆ ಮೊದಮೊದಲು ನಾಚಿಕೆ. ಆಮೇಲೆ ಅವರೇ ಜಿಗಿಯಲೋ ಅಂತ ಕೇಳತೊಡಗಿದರು.

ಆದರೂ ಮಾನೊಪಾಡಿನ ಮೇಲೆ ಲೆನ್ಸು ಓಲಾಡುತ್ತಿತ್ತು. ದೊಡ್ಡಮ್ಮ ನನ್ನನ್ನು ತೋಟದೊಳಗೆ ಕರೆದುಕೊಂಡು ಹೋಗಿ ಮೆಣಸು ಕೊಯ್ಯುವ ಏಣಿ ತೋರಿಸಿದರು. ಅದು ಒಂದೇ ಬಿದಿರು, ಗಿಣ್ಣುಗಳ ಹತ್ತಿರ ಬಿಟ್ಟ ಮೋಟುಕೊಂಬೆಗಳೇ ಮೆಟ್ಟಿಲು.

"ಇದಕ್ಕೆ ಕಾಲು ಒಂದೇ. ನೆಟ್ಟಗೆ ನಿಲ್ಸಿದ್ರೆ ತಿರುಗಿ ಬೀಳ್ಸುತ್ತೆ," ಅಂದರು. "ಒಂಚೂರು ಓರೆ ಕೊಟ್ಟು, ಮೈಭಾರ ಅದ್ರ ಮೇಲೆ ಬಿಡ್ಬೇಕು. ಹೆದ್ರಿ ದೂರ ನಿಂತವ್ರಿಗೆ ಇದು ಆಗಲ್ಲ."

ಮಾನೊಪಾಡನ್ನು ಮುಂದಕ್ಕೆ ಓರೆಯಾಗಿಸಿ, ಮೈಯನ್ನು ಅದಕ್ಕೆ ಒರಗಿಸಿ ನೋಡಿದೆ. ಓಲಾಟ ನಿಂತಿತು.

ಹೊರಡುವ ದಿನ ಬೆಳಿಗ್ಗೆ ಮಳೆ. ಬೆಂಗಳೂರಿನಲ್ಲೂ ಮಳೆಯಂತೆ. ದೊಡ್ಡಮ್ಮ ಬಾಡಿಗೆ ಮಾನೊಪಾಡನ್ನು ಒದ್ದೆ ಹುಲ್ಲಿನ ಮೇಲೆ ಊರಿ ಭಾರ ಬಿಟ್ಟರು, ಅದರ ಪುಟ್ಟ ತುದಿ ಸರ್ರನೆ ಜಾರಿತು. ಇನ್ನೊಮ್ಮೆ ಊರಿದರು, ಮತ್ತೆ ಜಾರಿತು. ಅವರು ಜಗಲಿಯ ಕುರ್ಚಿಯಲ್ಲಿ ಕೂತು, ತಮ್ಮ ಟೈರಿನ ಪಾದದ ಮಾನೊಪಾಡನ್ನು ನನ್ನ ಕಡೆ ಚಾಚಿದರು. ನೀವು ಹೇಗೆ ನಡೆಯುತ್ತೀರಿ, ತೋಟದ ರೌಂಡ್ಸ್ ಹೇಗೆ ಅಂದೆ. ಆ ಬಾಡಿಗೆಯದು ಜಾರುತ್ತದೆ, ಊರುಗೋಲನ್ನು ಮೆಣಸಿನ ಬಳ್ಳಿ ಹಬ್ಬಿಕೊಂಡುಬಿಟ್ಟಿದೆ.

"ನೀನು ಬರೋ ತನ್ಕ ಇಲ್ಲೇ ಕೂತಿರ್ತೀನಿ. ತೋಟ ಎಲ್ಲೂ ಓಡಿ ಹೋಗಲ್ಲ, ಹೋಗು."

ಬೆಂಗಳೂರಿನ ಸ್ಟೇಡಿಯಂ ಗೇಟಿನಲ್ಲಿ ಸೆಕ್ಯುರಿಟಿಯವನು ಅದರ ಟೈರಿನ ಪಾದ ಹಿಡಿದು ಅನುಮಾನದಿಂದ ನೋಡಿದ. ಇದೇನು ಕೋಲಾ, ಕೋಲೆಲ್ಲ ಒಳಗೆ ಬಿಡಲ್ಲ ಅಂದ. ಲೆನ್ಸನ್ನು ಅದಕ್ಕೆ ಕೂರಿಸಿ ತೋರಿಸಿದ ಮೇಲೆ ಬಿಟ್ಟ. ಗೋಲಿನ ಹಿಂದೆ, ಜಾಹೀರಾತು ಹಲಗೆಯ ಪಕ್ಕ ಪುಟ್ಟ ಸ್ಟೂಲ್ ಹಾಕಿಕೊಂಡು ಆದಷ್ಟು ತಗ್ಗಿ ಕೂತೆ. ದೀಪಗಳು ಹತ್ತಿಕೊಂಡವು, ಸಾವಿರಾರು ಜನ ಒಟ್ಟಿಗೆ ಕೂಗಿದಾಗ ಎದೆಯೊಳಗೆ ಡೋಲು ಬಾರಿಸಿದಂತಾಯಿತು. ಮೊದಲರ್ಧ ಪೂರ್ತಿ ಲೆನ್ಸನ್ನು ಚೆಂಡಿನ ಹಿಂದೆಯೇ ತಿರುಗಿಸುತ್ತ ಪ್ರತಿ ಸಲವೂ ತಡಮಾಡಿದೆ. ಒಂದೂ ಹೇಳಿಕೊಳ್ಳುವಂಥ ಚಿತ್ರವಿರಲಿಲ್ಲ. ಸೀಸನ್ ಕೈಜಾರುತ್ತಿದೆ ಅನ್ನಿಸಿತು.

ಎರಡನೆಯ ಅರ್ಧದಲ್ಲಿ ಮಳೆ ಬಂತು. ಪಕ್ಕದಲ್ಲಿ ಕೂತ ಫೋಟೋಗ್ರಾಫರನ ಮಾನೊಪಾಡ್ ಜಾರಿ ಅವನು ಬೈದುಕೊಳ್ಳುತ್ತಿದ್ದ. ನನ್ನದು ಮಲ್ಲಂದೂರಿನ ಇಳಿಜಾರಿನಲ್ಲಿ ನಿಂತ ಹಾಗೆಯೇ ನಿಂತಿತ್ತು. ಕಾರ್ನರ್ ಕಿಕ್. ಓರೆ ಮಾಡಿದೆ, ಮೈಭಾರ ಬಿಟ್ಟೆ. ನಾಲ್ಕೈದು ಜನ ಒಟ್ಟಿಗೆ ಜಿಗಿಯುವ ಮೊದಲೇ ನನ್ನ ಕೈ ತಾನಾಗಿ ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿಬಿಟ್ಟಿತ್ತು. ಹಣೆಗೆ ಬಡಿದ ಚೆಂಡಿನಿಂದ ಸಿಡಿದ ನೀರು, ತೆರೆದ ಬಾಯಿಗಳು, ನೆಲ ಬಿಟ್ಟ ಬೂಟುಗಳು, ಎಲ್ಲಕ್ಕಿಂತ ಮೇಲೆ ದೀಪ. ಗೋಲಾಯಿತು ಅಂತ ನನಗೆ ಜನರ ಕೂಗಿನಿಂದ ಗೊತ್ತಾದದ್ದು.

ಆ ಚಿತ್ರವನ್ನು ಕೂತಲ್ಲಿಂದಲೇ ಫೋನಿನಲ್ಲಿ ಕಳಿಸಿದೆ. ಮ್ಯಾಚ್ ಮುಗಿಯುವ ಮೊದಲೇ ಗೆಳತಿಯ ಮೆಸೇಜ್ ಬಂತು, ಸೀಸನ್ ನಿನ್ನದು ಅಂತ. ದೊಡ್ಡಮ್ಮನಿಗೆ ಫೋನ್ ಮಾಡಿದರೆ ಅವರು ಕೇಳಿದ್ದು ಒಂದೇ ಪ್ರಶ್ನೆ, ಜಾರಿತಾ? ಇಲ್ಲ ಅಂದೆ. ಆ ಕಡೆಯಿಂದ ದೊಡ್ಡ ನಗು ಕೇಳಿಸಿತು, ಹಿಂದೆ ರೈಟರೂ ನಕ್ಕದ್ದು ಕೇಳಿಸಿತು.

ಊರಿಗೆ ಬಂದು ಚಿತ್ರ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇಷ್ಟು ವರ್ಷ ಹಕ್ಕಿ ಹಾರೋದು ನೋಡ್ದೆ. ಮನುಷ್ಯ ಹಾರೋದು ಇವತ್ತು ನೋಡ್ದೆ," ಅಂದರು. ಆಮೇಲೆ ನನ್ನ ಕೈಯಿಂದ ಮಾನೊಪಾಡ್ ಕಸಿದುಕೊಂಡು, ಕಾಫಿಯನ್ನೂ ಪೂರ್ತಿ ಕುಡಿಯದೆ ತೋಟಕ್ಕೆ ಹೊರಟರು.

ಇಡೀ ಸೀಸನ್ ಹಾಗೇ ನಡೆಯಿತು. ನನಗೆ ಬೇರೆ ಮಾನೊಪಾಡ್ ಕೊಳ್ಳಲು ಬಿಡಲಿಲ್ಲ, ತಾವೂ ಬೇರೆ ಕೋಲು ಹಿಡಿಯಲಿಲ್ಲ. ನನ್ನ ಮ್ಯಾಚ್ ಇದ್ದ ದಿನವೆಲ್ಲ ದೊಡ್ಡಮ್ಮ ಆ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಇವತ್ತು ಯಾಕೆ ರೌಂಡ್ಸ್ ಇಲ್ಲ ಅಂತ ಯಾರಾದರೂ ಕೇಳಿದರೆ, ಇವತ್ತು ಮ್ಯಾಚಿದೆ ಅನ್ನುತ್ತಿದ್ದರಂತೆ, ಆಡುವವರು ತಾವೇ ಅನ್ನುವ ಹಾಗೆ. ಸೀಸನ್ ಮುಗಿದ ಮೇಲೆ, ಕಾಫಿ ಹೂವಾದ ಹೊತ್ತಿಗೆ, ಒಂದು ಬೆಳಿಗ್ಗೆ ರೌಂಡ್ಸ್ ಮುಗಿಸಿ ಬಂದು ಮಲಗಿದವರು ಏಳಲಿಲ್ಲ. ಮಾನೊಪಾಡ್ ಬಾಗಿಲ ಹಿಂದೆ ನಿಂತಿತ್ತು, ಟೈರಿನ ಪಾದಕ್ಕೆ ಹಸಿಮಣ್ಣು ಮೆತ್ತಿತ್ತು. ರೈಟರ್ ಅದನ್ನು ಒರೆಸದೆ ಹಾಗೆಯೇ ತಂದು ನನ್ನ ಕೈಗೆ ಕೊಟ್ಟರು.

ಈಗ ಎರಡನೆಯ ಸೀಸನ್. ಹೊಸ ಸ್ಟೇಡಿಯಂ, ಹೊಸ ಗೇಟು, ಹೊಸ ಸೆಕ್ಯುರಿಟಿ. ಲೆನ್ಸ್ ಚೀಲದೊಳಗಿರುತ್ತದೆ, ಕೈಯಲ್ಲಿ ಇದನ್ನು ಊರಿಕೊಂಡು ಹೋಗುತ್ತೇನೆ. ಪ್ರತಿ ಸಲವೂ ಯಾರಾದರೊಬ್ಬರು ಇದೇನು ಕೋಲಾ ಅಂತ ತಡೆಯುತ್ತಾರೆ. ನಾನು ಜಾರಿದ ಚೀಲದ ಪಟ್ಟಿಯನ್ನು ಎಡಭುಜದ ಮೇಲೆ ಎಳೆದುಕೊಂಡು ಹೇಳುತ್ತೇನೆ:

"ಇದು ಕೋಲಲ್ಲ, ಮಾನೊಪಾಡ್."